ಓದುಗರ ಪ್ರಶ್ನೆ: ಉಪ್ಪು ಬೆರೆತ ಅಕ್ರಿಲಿಕ್ ಕಾದಾಗ

ಪ್ರಶ್ನೆ: ಅಕ್ರಿಲಿಕ್ (ಪಿಎಂಎಂಎ) ಪುಡಿಗೆ ತೂಕದ ಲೆಕ್ಕದಲ್ಲಿ ಶೇ. 10 ಜಿಂಕ್ ಕ್ಲೋರೈಡ್ ಎಂಬ ಉಪ್ಪು ಬೆರೆಸಿ, ನೈಟ್ರೋಜನ್‌ನಲ್ಲಿ ಟಿಜಿಎ (ಕಾಯಿಸುತ್ತಾ ತೂಕದ ಇಳಿತ ಅಳೆಯುವ ಪರೀಕ್ಷೆ) ಮಾಡಿದೆ. ಬರೀ ಪುಡಿ ಹೆಚ್ಚುಕಡಿಮೆ ಪೂರ್ತಿ ಹಾರಿಹೋಯಿತು. ಬೆರೆಸಿದ್ದು ಮಾತ್ರ 100 ಡಿಗ್ರಿಯಲ್ಲೇ ತೂಕ ಕಳೆದುಕೊಳ್ಳತೊಡಗಿತು, 450 ಡಿಗ್ರಿಯಲ್ಲಿ ಶೇ. 8 ಉಳಿಯಿತು. ಉಪ್ಪು ಪಾಲಿಮರನ್ನು (ಪಿಎಂಎಂಎಯ ಉದ್ದ ಸರಪಳಿ ಅಣುವನ್ನು) ಕೆಡಿಸಿತೋ, ಕಾಪಾಡಿತೋ?
– ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಈ ಗ್ರಾಫ್‌ನಿಂದ ಎರಡನ್ನೂ ಹೇಳಲಾಗದು. ಮೊದಲು ಆ ಶೇ. 8ರ ಲೆಕ್ಕ ನೋಡಿ. 10 ಮಿ.ಗ್ರಾಂ ಮಿಶ್ರಣದಲ್ಲಿ ಉಪ್ಪೇ 1 ಮಿ.ಗ್ರಾಂ. ಅದು ಹಾಗೇ ಉಳಿದರೆ ಶೇ. 10, ತೇವ ತಾಗಿ ಪೂರ್ತಿ ಜಿಂಕ್ ಆಕ್ಸೈಡ್ ಆದರೆ ಸುಮಾರು ಶೇ. 6. ನಿಮ್ಮ ಅಂಕಿ ಇವೆರಡರ ನಡುವೆಯೇ ಇದೆ, ಅಂದರೆ ಇದ್ದಿಲು ಒಂದಿಷ್ಟೂ ಇಲ್ಲದೆ ಇರಬಹುದು. 100 ಡಿಗ್ರಿಯ ಇಳಿತಕ್ಕೆ ಹೆಚ್ಚಾಗಿ ನೀರೇ ಕಾರಣ. ಜಿಂಕ್ ಕ್ಲೋರೈಡ್ ತೂಗುವಷ್ಟರಲ್ಲೇ ಗಾಳಿಯ ತೇವ ಹೀರುತ್ತದೆ.

ಪಿಎಂಎಂಎ ಸುಮಾರು 300–400 ಡಿಗ್ರಿಯಲ್ಲಿ, ಪೋಣಿಸಿದ ಸರದ ತುದಿ ಬಿಚ್ಚಿದರೆ ಮಣಿ ಒಂದೊಂದಾಗಿ ಜಾರುವಂತೆ, ಮೊನೊಮರ್ (ಸರಪಳಿಯ ಬಿಡಿ ಘಟಕ) ಆಗಿ ಕಳಚುತ್ತದೆ. ಜಿಂಕ್ ಅಯಾನು ಪ್ರತಿ ಘಟಕದಲ್ಲೂ ಇರುವ ಎಸ್ಟರ್ ಗುಂಪಿನ ಕಾರ್ಬೊನಿಲ್ (C=O) ಆಮ್ಲಜನಕಕ್ಕೆ ಅಂಟಿಕೊಂಡರೆ ಮೀಥೈಲ್ ಗುಂಪು ಮೀಥೈಲ್ ಕ್ಲೋರೈಡ್ ಆಗಿ ಹೊರಬೀಳುತ್ತದೆ, ಸರಪಳಿಯಲ್ಲಿ ಜಿಂಕ್ ಕಾರ್ಬಾಕ್ಸಿಲೇಟ್ (ಆಮ್ಲದ ಜಿಂಕ್ ಲವಣ) ಉಳಿಯುತ್ತದೆ. ಮುಂದೆ ಪಕ್ಕಪಕ್ಕದ ಗುಂಪುಗಳು ಕೂಡಿ ಅನ್‌ಹೈಡ್ರೈಡ್ ಉಂಗುರಗಳೂ ಆಗುತ್ತವೆ. ಇವೆಲ್ಲ ಸರದ ನಡುವಿನ ಗಂಟುಗಳು, ಮಣಿ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಒಂದೇ ಉಪ್ಪಿನಿಂದ ತೂಕ ಬೇಗ ಇಳಿಯಲೂಬಹುದು, ಕೊನೆಗೆ ಹೆಚ್ಚು ಉಳಿಯಲೂಬಹುದು.

ಒಣ ಪುಡಿಗಳನ್ನು ಅರೆದು ಬೆರೆಸಿದರೆ ಉಪ್ಪು ಪಾಲಿಮರಿಗೆ ಸರಿಯಾಗಿ ತಾಗುವುದಿಲ್ಲ. 1 ಗ್ರಾಂ ಪಿಎಂಎಂಎಯನ್ನು 20 ಮಿ.ಲೀ. ಒಣ ಅಸಿಟೋನ್‌ನಲ್ಲಿ ಕರಗಿಸಿ, 0.136 ಗ್ರಾಂ ಜಿಂಕ್ ಕ್ಲೋರೈಡ್ ಹಾಕಿ (ಹತ್ತು ಘಟಕಕ್ಕೆ ಒಂದು ಜಿಂಕ್), ಗಾಜಿನ ತಟ್ಟೆಗೆ ಸುರಿಯಿರಿ. ಪದರವನ್ನು 80 ಡಿಗ್ರಿಯ ನಿರ್ವಾತ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಇಲ್ಲಿ ಅವಸರ ಬೇಡ, ಉಳಿದ ಅಸಿಟೋನ್ ಟಿಜಿಎಯಲ್ಲಿ ಪಾಲಿಮರ್ ಒಡೆದಂತೆಯೇ ಕಾಣುತ್ತದೆ. ಉಪ್ಪಿಲ್ಲದ ಪದರವನ್ನೂ ಹೀಗೇ ಮಾಡಿ, ಬರೀ ಉಪ್ಪನ್ನೂ ಪ್ರತ್ಯೇಕ ಓಡಿಸಿ, ಉಳಿಕೆಯಲ್ಲಿ ಅದರ ಪಾಲು ಕಳೆಯಿರಿ. 450 ಡಿಗ್ರಿಯ ಉಳಿಕೆಯನ್ನು 700ರದಕ್ಕೆ ಹೋಲಿಸಬೇಡಿ. ಅಷ್ಟು ಬಿಸಿಗೆ ಜಿಂಕ್ ಕ್ಲೋರೈಡೇ ಆವಿಯಾಗುತ್ತದೆ.

ಅಲ್ಯೂಮಿನಿಯಂ ಪ್ಯಾನ್ ಬೇಡವೇ ಬೇಡ. ಸುಮಾರು 290 ಡಿಗ್ರಿಗೆ ಕರಗುವ ಈ ಉಪ್ಪು ಅದನ್ನೇ ತಿನ್ನುತ್ತದೆ. ಅಲ್ಯುಮಿನಾ ಬಟ್ಟಲು ಬಳಸಿ. ಮೀಥೈಲ್ ಕ್ಲೋರೈಡ್ ವಿಷಕಾರಿ, ಹೊಗೆ ಕೊಳವೆ ಫ್ಯೂಮ್ ಹುಡ್‌ಗೆ ಹೋಗಲಿ.

ಇಷ್ಟಾದ ಮೇಲೆ 300 ಡಿಗ್ರಿಯಲ್ಲಿ ನಿಲ್ಲಿಸಿ ಉಳಿಕೆಯ ಐಆರ್ (ಇನ್‌ಫ್ರಾರೆಡ್ ರೋಹಿತ) ತೆಗೆಯಿರಿ. 1730 ಸೆಂ.ಮೀ⁻¹ರ ಎಸ್ಟರ್ ಪಟ್ಟಿಯ ಪಕ್ಕ 1800ರ ಆಸುಪಾಸಿನಲ್ಲಿ ಹೊಸದೊಂದು ಕಂಡರೆ ಅನ್‌ಹೈಡ್ರೈಡ್, 1550–1600ರಲ್ಲಿ ಕಂಡರೆ ಕಾರ್ಬಾಕ್ಸಿಲೇಟ್.