ಸಂಪಾದಕರ ಉತ್ತರ: ತೊಡುವವರಿಗೆ ಬಿಟ್ಟುಕೊಟ್ಟ ಆಕಾರ

ಮಾನ್ಯರೇ,

ಜಪಾನಿನ ವಸ್ತ್ರವಿನ್ಯಾಸಕ ದಿವಂಗತ ಇಸ್ಸೇ ಮಿಯಾಕೆ ಅವರ ಸ್ಮರಣೀಯ ಉಡುಪುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಚಿತ್ರಲೇಖನವನ್ನು ಓದಿ ನೀವು ಬರೆದ ಪತ್ರ ಕೈಸೇರಿದೆ. ಕೆಂಪು ಪ್ಲಾಸ್ಟಿಕ್ಕಿನ ಕವಚ, ಬೆತ್ತ ಬಿದಿರಿನ ಕುಪ್ಪಸ ಇಂಥವನ್ನೇ ಪುಟ ತುಂಬ ಅಚ್ಚು ಹಾಕಿದ್ದೀರಿ, ಯಾರೂ ತೊಟ್ಟು ಓಡಾಡಲಾಗದ ವಸ್ತುವನ್ನು ಉಡುಪೆಂದು ಕರೆದು ಹೊಗಳುವುದರಲ್ಲಿ ಏನರ್ಥವಿದೆ ಎಂದು ಕೇಳಿದ್ದೀರಿ. ಲೇಖನದ ತಲೆಬರಹದಲ್ಲೇ ಹಿರೋಶಿಮಾವನ್ನು ತಂದದ್ದು ಸರಿಯೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ಪೂರ್ತಿ ನಮ್ಮದು. 1938ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿದ ಮಿಯಾಕೆ ಅವರಿಗೆ ಅಣುಬಾಂಬ್ ಬಿದ್ದಾಗ ಏಳು ವರ್ಷ. ವಿಕಿರಣಕ್ಕೆ ತುತ್ತಾದ ಅವರ ತಾಯಿ ಮೂರು ವರ್ಷದೊಳಗೆ ತೀರಿಕೊಂಡರು. ಈ ಸಂಗತಿಯನ್ನು ಅವರು ದಶಕಗಳ ಕಾಲ ಬಹಿರಂಗವಾಗಿ ಆಡಲೇ ಇಲ್ಲ. ಅಣ್ವಸ್ತ್ರಗಳಿಲ್ಲದ ಜಗತ್ತಿನ ಬಗ್ಗೆ ಬರಾಕ್ ಒಬಾಮಾ ಮಾತನಾಡಿದ ನಂತರ, 2009ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅವರೊಂದು ಲೇಖನ ಬರೆದರು. ಬಾಂಬಿನಿಂದ ಬದುಕುಳಿದ ವಿನ್ಯಾಸಕ ಎಂಬ ಹಣೆಪಟ್ಟಿ ತಮಗೆ ಬೇಡವಾಗಿತ್ತು, ನಾಶವಾಗುವ ಸಂಗತಿಗಳಿಗಿಂತ ಸೃಷ್ಟಿಸಬಹುದಾದ, ಚೆಲುವನ್ನೂ ಸಂತೋಷವನ್ನೂ ತರುವ ಸಂಗತಿಗಳನ್ನು ಕುರಿತು ಯೋಚಿಸುವುದೇ ತಮಗೆ ಇಷ್ಟ ಎಂದು ಅದರಲ್ಲಿ ವಿವರಿಸಿದರು. ಅವರು ಜೀವಮಾನವಿಡೀ ದೂರವಿಟ್ಟ ಹಣೆಪಟ್ಟಿಯನ್ನೇ, 2022ರ ಆಗಸ್ಟ್ 5ರಂದು ಅವರು ತೀರಿಕೊಂಡ ಬಳಿಕ, ನಾವು ತಲೆಬರಹ ಮಾಡಿಬಿಟ್ಟೆವು. ಹಾಗೆ ಮಾಡಬಾರದಿತ್ತು, ಅದಕ್ಕೆ ವಿಷಾದಿಸುತ್ತೇನೆ.

ಮೊದಲ ಆಕ್ಷೇಪವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅಚ್ಚಿನಲ್ಲಿ ರೂಪಿಸಿದ 1980ರ ಆ ಕೆಂಪು ಕವಚವಾಗಲಿ, ಆರ್ಟ್‌ಫೋರಮ್ ಎಂಬ ಕಲಾಪತ್ರಿಕೆಯ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಬಂದ ಬೆತ್ತ ಬಿದಿರಿನ ಕುಪ್ಪಸವಾಗಲಿ, ದಿನನಿತ್ಯ ತೊಡುವುದಕ್ಕೆಂದು ಮಾಡಿದವಲ್ಲ. ದೇಹಕ್ಕೂ ಅದರ ಹೊದಿಕೆಗೂ ನಡುವೆ ಎಷ್ಟು ಅಂತರವಿರಬೇಕು, ಆ ಅಂತರದಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಕೊನೆಯ ಅಂಚಿನವರೆಗೆ ಎಳೆದು ನೋಡಿದರು. ಒಂದರಲ್ಲಿ ಹೊದಿಕೆ ಚರ್ಮದಂತೆಯೇ ಅಂಟಿ ನಿಂತಿದೆ, ಇನ್ನೊಂದರಲ್ಲಿ ಯೋಧನ ಕವಚದಂತೆ ದೇಹದಿಂದ ದೂರ ಸರಿದಿದೆ. ಪ್ರಶ್ನೆ ದೊಡ್ಡದು, ಆದರೆ ಉತ್ತರ ಅಲ್ಲಿಲ್ಲ. ಉತ್ತರ ಸಿಕ್ಕ ಉಡುಪುಗಳಿಗೆ ನಮ್ಮ ಲೇಖನ ಅರ್ಧ ಪುಟವನ್ನಷ್ಟೇ ಕೊಟ್ಟಿತು, ನಿಮ್ಮ ಬೇಸರ ನ್ಯಾಯವಾಗುವುದು ಇಲ್ಲಿ.

ಮಿಯಾಕೆ ಅವರ ನಿಜವಾದ ಸಾಧನೆ ನೆರಿಗೆಯದು. ನೆರಿಗೆ ಹಾಕುವ ರೂಢಿಯ ಕ್ರಮದಲ್ಲಿ ಬಟ್ಟೆಗೆ ಮೊದಲು ನೆರಿಗೆ ಹಿಡಿದು, ಆಮೇಲೆ ಅದನ್ನು ಕತ್ತರಿಸಿ ಹೊಲಿಯುತ್ತಾರೆ. 1980ರ ದಶಕದ ಕೊನೆಯಲ್ಲಿ ತಮ್ಮ ತಂಡದೊಂದಿಗೆ ಕೆಲಸಕ್ಕಿಳಿದ ಅವರು ಈ ಕ್ರಮವನ್ನೇ ತಿರುವುಮುರುವು ಮಾಡಿದರು. ಬೇಕಾದ ಅಳತೆಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಅಂಗಿಯನ್ನು ಮೊದಲೇ ಕತ್ತರಿಸಿ, ಪೂರ್ತಿ ಹೊಲಿದು, ಎರಡು ಕಾಗದಗಳ ನಡುವೆ ಇಟ್ಟು, ಬಿಸಿಯ ಒತ್ತುಯಂತ್ರದೊಳಗೆ ಹಾಯಿಸಿದರು. ದೈತ್ಯನೊಬ್ಬನಿಗೆ ಹೊಲಿದಂತಿದ್ದ ಅಂಗಿ ಯಂತ್ರದಿಂದ ಹೊರಬರುವಾಗ ಮನುಷ್ಯರ ಅಳತೆಗೆ ಕುಗ್ಗಿ, ಗೆರೆಗೆರೆಯಾಗಿ ಬರುತ್ತಿತ್ತು. ಪಾಲಿಯೆಸ್ಟರನ್ನೇ ಆರಿಸಿದ್ದಕ್ಕೂ ಕಾರಣವಿದೆ: ಬಿಸಿಗೆ ಮೆತ್ತಗಾಗಿ ಆರಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುವ ನೂಲು ಅದು, ಹತ್ತಿಗಾದರೆ ಒಂದೆರಡು ಒಗೆತದಲ್ಲಿ ನೆರಿಗೆ ಬಿಟ್ಟುಹೋಗುತ್ತದೆ. ನೃತ್ಯ ಸಂಯೋಜಕ ವಿಲಿಯಂ ಫೋರ್ಸೈಥ್ ಅವರ ಫ್ರಾಂಕ್‌ಫರ್ಟ್ ಬ್ಯಾಲೆ ತಂಡದ ನರ್ತಕರು 1991ರಲ್ಲಿ ಈ ಬಟ್ಟೆ ತೊಟ್ಟು ಕುಣಿದರು. ಅವರ ಮೈಯ ಚಲನೆಯಿಂದ ಕಲಿತದ್ದನ್ನೆಲ್ಲ ಸೇರಿಸಿಕೊಂಡು 1993ರಲ್ಲಿ ಪ್ಲೀಟ್ಸ್ ಪ್ಲೀಸ್ ಎಂಬ ಹೆಸರಿನಲ್ಲಿ ಆ ಉಡುಪುಗಳು ಮಾರುಕಟ್ಟೆಗೆ ಬಂದವು.

ಪರಿಚಯದವರೊಬ್ಬರ ಬಳಿ ಇದ್ದ ಅಂಥ ಅಂಗಿಯೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಜಿನ ಮೇಲೆ ಅದು ಅಗಲ ಕಿರಿದಾದ, ಚಪ್ಪಟೆಯಾದ ಪಟ್ಟಿಯಂತಿತ್ತು, ಇದರೊಳಗೆ ಭುಜ ಹಿಡಿಸುವುದುಂಟೇ ಎಂಬ ಅನುಮಾನ ನನಗೆ. ಅವರು ಅದನ್ನು ತೊಟ್ಟು ನಿಂತಾಗ ಭುಜದ ಮೇಲಿನ ನೆರಿಗೆಗಳು ತಾವಾಗಿ ಅರಳಿದವು, ಸೊಂಟದ ಬಳಿ ಮುಚ್ಚಿಕೊಂಡೇ ಉಳಿದವು. ಕೈ ಎತ್ತಿದಾಗ ಮೊಣಕೈ ಸುತ್ತ ಗೆರೆಗಳು ಬಿಚ್ಚಿಕೊಂಡು, ಇಳಿಸಿದಾಗ ಮತ್ತೆ ಸೇರಿಕೊಂಡವು. ಎಷ್ಟೋ ವರ್ಷ ಯಂತ್ರದಲ್ಲಿ ಒಗೆದು, ಒಮ್ಮೆಯೂ ಇಸ್ತ್ರಿ ಹಾಕದೆ, ಪ್ರಯಾಣಕ್ಕೆ ಹೊರಟಾಗ ಸುರುಳಿ ಸುತ್ತಿ ಚೀಲದ ಮೂಲೆಗೆ ತುರುಕುತ್ತಿದ್ದ ಅಂಗಿ ಅದು. ಕೂಡುವ, ಏಳುವ, ದಪ್ಪಗಾಗುವ, ಮುಪ್ಪಾಗುವ ದೇಹಕ್ಕೆ ಅದು ಹೊಂದಿಕೊಳ್ಳುತ್ತದೆ, ತನ್ನ ಅಳತೆಗೆ ಬಾ ಎಂದು ದೇಹವನ್ನು ಒತ್ತಾಯಿಸುವುದಿಲ್ಲ. ಉಡುಪಿನ ಆಕಾರವನ್ನು ಪೂರ್ತಿಗೊಳಿಸುವ ಹಕ್ಕನ್ನು ತೊಡುವವರಿಗೆ ಬಿಟ್ಟುಕೊಟ್ಟ ವಿನ್ಯಾಸಕ ಎಂದೇ ನಾನು ಮಿಯಾಕೆ ಅವರನ್ನು ಗೌರವಿಸುತ್ತೇನೆ.

ನೀವು ತಮಾಷೆಯ ವಸ್ತು ಎಂದ ಹಾರುವ ತಟ್ಟೆಯ ಉಡುಪನ್ನೂ ಈ ದೃಷ್ಟಿಯಿಂದ ಇನ್ನೊಮ್ಮೆ ನೋಡಬೇಕೆಂದು ಕೋರುತ್ತೇನೆ. 1994ರ ವಸಂತ-ಬೇಸಿಗೆ ಸಂಗ್ರಹದ ಆ ಬಣ್ಣಬಣ್ಣದ ಉಡುಪು ಕಾಗದದ ಲಾಂದ್ರದಂತೆ ಮಡಿಚಿಕೊಂಡರೆ ಚಪ್ಪಟೆ ಬಿಲ್ಲೆ; ತೊಟ್ಟು ಹೆಜ್ಜೆ ಹಾಕಿದರೆ ಬಳೆಬಳೆಯಾಗಿ ಏರಿಳಿಯುತ್ತದೆ. ನಾವು ಅಚ್ಚು ಹಾಕಿದ ನಿಶ್ಚಲ ಚಿತ್ರದಲ್ಲಿ ಆ ಜೀವ ಕಾಣುವಂತಿರಲಿಲ್ಲ.

ವಿನ್ಯಾಸಕ ಡಾಯ್ ಫುಜಿವಾರಾ ಅವರ ಜೊತೆಗೂಡಿ ಮಿಯಾಕೆ 1990ರ ದಶಕದ ಕೊನೆಯಲ್ಲಿ ರೂಪಿಸಿದ ಎ-ಪಾಕ್ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಒಂದು ತುಂಡು ಬಟ್ಟೆ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳಿಂದ ಆ ಹೆಸರು ಹುಟ್ಟಿದೆ. ಗಣಕಯಂತ್ರದ ಆಜ್ಞೆಯಂತೆ ಹೆಣೆಯುವ ಯಂತ್ರದಿಂದ ಕೊಳವೆಯಂಥ ಉದ್ದನೆಯ ಬಟ್ಟೆ ಹೊರಬರುತ್ತದೆ, ಅಂಗಿ, ಲಂಗ, ಕಾಲುಚೀಲಗಳ ಗಡಿರೇಖೆಗಳು ಅದರ ಹೆಣಿಗೆಯಲ್ಲೇ ಇರುತ್ತವೆ. ಕೊಂಡವರು ಕತ್ತರಿ ಹಿಡಿದು ಆ ರೇಖೆಯ ಗುಂಟ ಕತ್ತರಿಸಿದರೆ ಸಾಕು, ಹೊಲಿಗೆ ಬೇಕಿಲ್ಲ, ಅಂಚಿನ ನೂಲೂ ಬಿಚ್ಚಿಕೊಳ್ಳುವುದಿಲ್ಲ. ತೋಳು ಉದ್ದವಿರಬೇಕೇ ಗಿಡ್ಡವಿರಬೇಕೇ, ಕೊರಳು ಎಷ್ಟು ಅಗಲವಿರಬೇಕು ಎಂಬ ತೀರ್ಮಾನ ಅವರದೇ. ಕತ್ತರಿಸಿ ಎಸೆಯುವ ಬಟ್ಟೆಯೂ ತೀರ ಕಡಿಮೆಯಾಯಿತು. ಆ ಬಟ್ಟೆಯ ಒಂದು ಮಾದರಿ ಇಂದು ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿದೆ. ಅದರ ಚಿತ್ರ ಕಳೆದ ಸಂಚಿಕೆಯಲ್ಲಿ ಬರಬೇಕಿತ್ತು.

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ, ಕೊರಳು ಮುಚ್ಚುವ ಕಪ್ಪು ಅಂಗಿಯ ಪ್ರಸ್ತಾಪವೇ ಇಲ್ಲವೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಮಾಡಿಕೊಟ್ಟವರು ಮಿಯಾಕೆ ಅವರೇ. ಆದರೆ ಆ ಅಂಗಿಯ ಖ್ಯಾತಿ ತೊಟ್ಟವರ ಖ್ಯಾತಿಯಿಂದ ಬಂದದ್ದು, ಆದ್ದರಿಂದ ಅದನ್ನು ಬಿಟ್ಟದ್ದರ ಬಗ್ಗೆ ನನಗೆ ಖೇದವಿಲ್ಲ.

ಮುಂದಿನ ಸಂಚಿಕೆಯಲ್ಲಿ ನೆರಿಗೆಯ ಉಡುಪುಗಳಿಗೆ ಎರಡು ಪುಟ ಮೀಸಲಿಟ್ಟಿದ್ದೇವೆ. ಪ್ರತಿಯೊಂದು ಉಡುಪಿನ ಎರಡೆರಡು ಚಿತ್ರಗಳನ್ನು ಅಕ್ಕಪಕ್ಕ ಕೊಡುತ್ತೇವೆ: ಒಂದರಲ್ಲಿ ಅದು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಇನ್ನೊಂದರಲ್ಲಿ ಅದನ್ನು ತೊಟ್ಟವರು ನಡೆಯುತ್ತಿರುತ್ತಾರೆ. ಆ ಪುಟಗಳನ್ನು ನೋಡಿದ ಮೇಲೆ ದಯವಿಟ್ಟು ಮತ್ತೆ ಬರೆಯಿರಿ.

ಇಂತಿ,
ಸಂಪಾದಕ