ಹಳೇ ಬಂಗಲೆಯ ಗೋಡೆಗೆ ಸಿಮೆಂಟ್ ಬಳಿಯುವ ಮುನ್ನ

ಪ್ರಶ್ನೆ: ಮಡಿಕೇರಿ ಪೇಟೆಯ ಹಳೇ ಹೆಂಚಿನ ಬಂಗಲೆಯೊಂದರಲ್ಲಿ ನಮ್ಮ ಕ್ಲಬ್ ಇದೆ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆಗಳು. ನೆಲದಿಂದ ಮೂರಡಿವರೆಗೆ ತೇವ ಏರುತ್ತಿತ್ತೆಂದು ವಾಟರ್‌ಪ್ರೂಫ್ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ತೇವ ಅದರ ಮೇಲಕ್ಕೂ ಹೋಗಿದೆ. ಹೆಂಚು ತೆಗೆದು ಆರ್‌ಸಿಸಿ ಹಾಕಿಸೋಣ ಎಂದು ಸಮಿತಿಯಲ್ಲಿ ಕೆಲವರ ಒತ್ತಾಯ ಬೇರೆ. ಏನು ಮಾಡುವುದು?
— ಕ್ಲಬ್ ಸದಸ್ಯರೊಬ್ಬರು, ಮಡಿಕೇರಿ

ಉತ್ತರ: ತೇವ ಮೇಲೇರಲು ಆ ಪ್ಲಾಸ್ಟರೇ ಕಾರಣ. ಸುಣ್ಣದ ಗೋಡೆ ಹೀರಿದ ನೀರನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಬಳಿದು ಆ ದಾರಿ ಮುಚ್ಚಿದರೆ ನೀರು ಸಿಮೆಂಟಿಲ್ಲದ ಎತ್ತರಕ್ಕೆ ಏರುತ್ತದೆ. ಅದರೊಂದಿಗೆ ಬಂದ ಉಪ್ಪು ಇಟ್ಟಿಗೆಯನ್ನೇ ಪುಡಿಮಾಡುತ್ತದೆ.

ಉಳಿ ಹಿಡಿಯುವ ಮೊದಲು ಹೊರಗೆ ಹೋಗಿ ನೋಡಿ. ಕಾರು ನಿಲ್ಲಿಸಲೆಂದು ಇಂಟರ್‌ಲಾಕ್ ಹಾಕಿಸಿ ಅಂಗಳ ಒಳನೆಲದ ಮಟ್ಟಕ್ಕೇ ಬಂದಿರಬಹುದು. ಅಂಗಳ ಕನಿಷ್ಠ ಆರಿಂಚು ತಗ್ಗಿರಬೇಕು, ಗೋಡೆಯಿಂದಾಚೆ ಇಳಿಜಾರಿರಬೇಕು. ಮಾಡಿನ ನೀರು ಗೋಡೆ ಬುಡಕ್ಕೆ ಬೀಳದಂತೆ ದಂಬೆ, ಪೈಪು ಸರಿಪಡಿಸಿ. ನಿಮ್ಮೂರಿನ ಮಳೆಗೆ ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ದಂಡವೇ.

ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಪ್ಲಾಸ್ಟರನ್ನು ಸುತ್ತಿಗೆ, ಉಳಿಯಿಂದ ಬಿಡಿಸಿ. ಕಲೆಗಿಂತ ಎರಡಡಿ ಮೇಲಿನವರೆಗೂ. ಬ್ರೇಕರ್ ಯಂತ್ರ ಬೇಡ, ಇಟ್ಟಿಗೆಯ ಮೂಲೆಗಳು ಹಾರುತ್ತವೆ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಗುಡಿಸಿ ತೆಗೆಯಿರಿ, ನೀರು ಹಾಕಿದರೆ ಕರಗಿ ಮತ್ತೆ ಒಳಗೆ ಹೋಗುತ್ತದೆ. ಫೆಬ್ರವರಿವರೆಗೆ ಗೋಡೆ ಬೆತ್ತಲೆಯಾಗಿಯೇ ಇರಲಿ. ಅತಿಥಿಗಳು ಮೂಗು ಮುರಿದರೆ ಮುರಿಯಲಿ.

ಆಮೇಲೆ ಗಾರೆ. ಅರಳಿಸಿ ಒಂದು ತಿಂಗಳಾದರೂ ನೀರಿನಡಿ ಇಟ್ಟ ಸುಣ್ಣ 1 ಪಾಲು, ಸುರ್ಕಿ (ಇಟ್ಟಿಗೆ ಪುಡಿ) 1, ಜರಡಿ ಹಿಡಿದ ಮರಳು 2. ಹೆಚ್ಚು ಸುಟ್ಟು ಕಪ್ಪಾದ ಇಟ್ಟಿಗೆಯ ಪುಡಿ ಸುರ್ಕಿಗೆ ಆಗದು. ಗೋಡೆಗೆ ನೀರು ಚಿಮುಕಿಸಿ, ಒಂದೊಂದು ಸಲಕ್ಕೆ 10–12 ಮಿಲಿಮೀಟರ್‌ನಂತೆ ಎರಡು ಕೋಟು ಹಾಕಿ. ಅವಸರದಲ್ಲಿ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಹತ್ತು ದಿನ ಒದ್ದೆ ಗೋಣಿ ತೂಗುಹಾಕಿ. ಮೇಲೆ ಸುಣ್ಣದ ತಿಳಿಯೇ ಸಾಕು. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಮತ್ತೆ ಹಳೇ ಕತೆ.

ಆರ್‌ಸಿಸಿ ವಿಷಯ: ನಾಲ್ಕಿಂಚಿನ ಸ್ಲ್ಯಾಬು ಚದರ ಮೀಟರಿಗೆ ಸುಮಾರು 250 ಕೆ.ಜಿ. ಮಂಗಳೂರು ಹೆಂಚು ಅಷ್ಟೇ ಜಾಗಕ್ಕೆ ಹದಿನೈದು ಬೇಕು, ತೂಕ 40–45 ಕೆ.ಜಿ. ಸುಣ್ಣದ ಗೋಡೆ ಈ ಹೆಚ್ಚಿನ ಭಾರಕ್ಕೆ ಕಟ್ಟಿದ್ದಲ್ಲ. ಅಷ್ಟಕ್ಕೂ ಮಡಿಕೇರಿಯಲ್ಲಿ ಆರ್‌ಸಿಸಿ ಮೇಲೂ ಕಡೆಗೆ ಶೀಟು ಹೊದಿಸುವುದನ್ನು ನೀವೇ ನೋಡಿದ್ದೀರಿ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪರ್, ಕೊಳೆತಿದ್ದರೆ ಬದಲಿಸಿ, ಒಡೆದ ಹೆಂಚು ತೆಗೆಸಿ. ಹೊಸ ಹೆಂಚು ಹಳೆಯದರ ಗಾಡಿಗೆ (ಅಂಚಿನ ತೋಡಿಗೆ) ಕೂರದೆ ಸಂದು ಬಿಡಬಹುದು. ಹಾಗಾಗಿ ಗಟ್ಟಿ ಹಳೇ ಹೆಂಚನ್ನೆಲ್ಲ ರಸ್ತೆ ಕಡೆಯ ಇಳಿಜಾರಿಗೆ ಹಾಕಿ, ಹಿಂಬದಿಗೆ ಪೂರ್ತಿ ಹೊಸದು ಹಾಕಿ.

ಪ್ರಶ್ನೆ: ಮಹಡಿಯ ಮರದ ನೆಲದ ಮೇಲೆ ಬಿಲಿಯರ್ಡ್ಸ್ ಮೇಜು ಇಡಬಹುದೇ?
— ಅದೇ ಸದಸ್ಯರು

ಉತ್ತರ: ಬೇಡ. ಸ್ಲೇಟು ಕಲ್ಲಿನ ಪೂರ್ಣ ಅಳತೆಯ ಮೇಜು ಒಂದು ಟನ್ನಿಗೂ ಭಾರ, ಅದೆಲ್ಲ ಎಂಟು ಕಾಲುಗಳ ಕೆಳಗೇ ಒತ್ತುತ್ತದೆ. ಕೆಳಗಿನ ಅಂತಸ್ತಿನಲ್ಲೇ ಇಡಿ. ಮಹಡಿಯ ತೊಲೆಗಳು ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಲ್ಲಿ. ಗೋಡೆಯ ಅಂಚಿನಲ್ಲಿ ತೊಲೆಗೆ ತೆಳ್ಳನೆಯ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಕೋಣೆಯಲ್ಲಿ ಪಾರ್ಟಿಯನ್ನೂ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.