ಮಕ್ಕಳನ್ನು ನುಂಗಿದ ಅಪ್ಪ, ಮತ್ತು ನಮ್ಮದೇ ಎರಡು ತಪ್ಪು

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ನಾವು ಹಾಕಿದ್ದ ಗ್ರೀಕ್ ಕತೆಗಳನ್ನು ಒಂಬತ್ತನೇ ಕ್ಲಾಸಿನ ನಿಮ್ಮ ಮಗಳು ಓದಿದ್ದಾಳೆ. ಸುಮ್ನೆ ಓದಿ ಬಿಟ್ಟಿಲ್ಲ. ಲೈಬ್ರರಿಯಿಂದ ಇನ್ನೆರಡು ಪುಸ್ತಕ ತಂದು ತಾಳೆ ನೋಡಿದ್ದಾಳೆ. ಒಂದರಲ್ಲಿ ಮೆಡೂಸಾ ಹುಟ್ಟಾ ರಾಕ್ಷಸಿ, ಇನ್ನೊಂದರಲ್ಲಿ ಶಾಪಕ್ಕೆ ಸಿಕ್ಕ ಚೆಲುವೆ. 'ಯಾವುದಮ್ಮಾ ಒರಿಜಿನಲ್?' ಅಂತ ಅವಳ ಪ್ರಶ್ನೆ. 'ಹೆತ್ತ ಮಕ್ಕಳನ್ನೇ ನುಂಗುವವನನ್ನು ದೇವರು ಅಂತ ಹೇಗೆ ಕೈಮುಗಿದರು?' ಅಂತ ನಿಮ್ಮದು. ಪತ್ರದ ಕೊನೆಗೆ ಅವಳ ಕೈಬರಹದಲ್ಲಿ ಇನ್ನೊಂದು ಸಾಲಿದೆ: 'ದೇವರು ಹುಟ್ಟಿದ್ದಾಯ್ತು, ಮನುಷ್ಯ ಎಲ್ಲಿಂದ ಬಂದ?'

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಗ್ರೀಕ್ ಕತೆಯ ಮೊದಲ ಹೆಂಗಸು ಪಂಡೋರಾ, ಮುಚ್ಚಳ ತೆರೆದು ಲೋಕಕ್ಕೆ ಕಷ್ಟಗಳನ್ನು ಬಿಟ್ಟವಳು. ಅದನ್ನು 'ಪಂಡೋರಾಳ ಪೆಟ್ಟಿಗೆ' ಎಂದು ಅಚ್ಚು ಹಾಕಿದ್ದೆವು. ಅವಳು ತೆರೆದದ್ದು ಪೆಟ್ಟಿಗೆಯಲ್ಲ, ಗುಡಾಣ. ಮೂಲದ ಮಾತು ಪಿಥೋಸ್. ಎಣ್ಣೆ, ಕಾಳು, ದ್ರಾಕ್ಷಾರಸ ತುಂಬಿಡುವ, ಆಳುದ್ದಕ್ಕೂ ಬೆಳೆಯಬಲ್ಲ ಮಣ್ಣಿನ ಪಾತ್ರೆ ಅದು. 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ಪಂಡಿತ ಲ್ಯಾಟಿನ್‌ನಲ್ಲಿ ಬರೆಯುವಾಗ ಅದನ್ನು ಡಬ್ಬಿ ಮಾಡಿಬಿಟ್ಟ. ಅಲ್ಲಿಂದ ಎಲ್ಲರ ಬಾಯಲ್ಲೂ ಪೆಟ್ಟಿಗೆಯೇ ಉಳಿಯಿತು, ನಮ್ಮ ಬಾಯಲ್ಲೂ. ಎರಡನೆಯದು, 'ಮೊದಲು ಇದ್ದದ್ದು ಕೇಯಾಸ್, ಅಂದರೆ ಗೊಂದಲ' ಎಂದದ್ದು. ಗೊಂದಲ ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಹಳೇ ಗ್ರೀಕ್‌ನಲ್ಲಿ ಅದೇ ಮಾತು ಖಾವೋಸ್, ಎಂದರೆ ಬಾಯ್ದೆರೆದ ಬಿರುಕು, ಖಾಲಿ ಕಂದರ. ಆಕಳಿಸುವುದಕ್ಕೂ ಅದೇ ಬೇರಿನ ಮಾತು. ಕಲಸುಮೇಲೋಗರವಾಗಲು ಅಲ್ಲಿ ಇನ್ನೂ ಏನೂ ಇರಲೇ ಇಲ್ಲ.

ಈ ಮಾತನ್ನು ಬರೆದಿಟ್ಟವನು ಗ್ರೀಕ್ ಕವಿ ಹೆಸಿಯಡ್. ಕ್ರಿಸ್ತಪೂರ್ವ 700ರ ಸುಮಾರಿನವನು. ಹೆಲಿಕಾನ್ ಬೆಟ್ಟದ ಬುಡದಲ್ಲಿ ಅಸ್ಕ್ರ ಅಂತ ಒಂದು ಹಳ್ಳಿ. ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಕಷ್ಟದ್ದು, ಯಾವಾಗಲೂ ಒಳ್ಳೆಯದಲ್ಲ ಎಂದು ತನ್ನೂರಿನ ಬಗ್ಗೆ ಅವನೇ ಹಾಡಿದ್ದಾನೆ. ತಮ್ಮನ ಜೊತೆ ಆಸ್ತಿ ಪಾಲಿನ ಜಗಳ ಬೇರೆ. ಕುರಿ ಕಾಯುತ್ತಿದ್ದಾಗ ಕಾವ್ಯದೇವತೆಗಳು ಬಂದು ಹಾಡು ಕೊಟ್ಟರಂತೆ. ಕೊಡುವಾಗ ಹೇಳಿದ್ದು ಕೇಳಿ: ನಿಜದಂಥ ಸುಳ್ಳುಗಳನ್ನು ಬೇಕಾದಷ್ಟು ಹೇಳಬಲ್ಲೆವು, ಮನಸ್ಸು ಬಂದರೆ ನಿಜವನ್ನೂ ಹೇಳಬಲ್ಲೆವು. ಸೃಷ್ಟಿಯ ಕತೆ ಶುರುವಾಗುವ ಮೊದಲೇ ಈ ಮಾತು! ಒರಿಜಿನಲ್ ಯಾವುದು ಎಂದು ಕೇಳುವ ನಿಮ್ಮ ಮಗಳು ಇದನ್ನು ಓದಿದರೆ ನಗುತ್ತಾಳೆ, ಅಲ್ವಾ?

ಇನ್ನು ಆ ಅಪ್ಪಂದಿರು. ಭೂಮಿತಾಯಿಯ ಹೆಸರು ಗಾಯಾ, ಅವಳ ಗಂಡ ಆಕಾಶ, ಯುರಾನಸ್. ಹುಟ್ಟಿದ ಮಕ್ಕಳನ್ನು ಬೆಳಕಿಗೆ ಬಿಡದೆ ಅವಳೊಳಗೇ ತುರುಕುತ್ತಾನೆ. ನೋವು ತಡೆಯಲಾರದೆ ಆಕೆ ಒಂದು ಕುಡುಗೋಲು ಮಾಡುತ್ತಾಳೆ. ಕಿರಿಮಗ ಕ್ರೋನಸ್ ಅದನ್ನು ಹಿಡಿದು ಅಡಗಿ ಕೂತು, ರಾತ್ರಿ ಅಪ್ಪ ಬಂದಾಗ ಅವನ ಗಂಡಸುತನವನ್ನೇ ಕತ್ತರಿಸಿ ಎಸೆಯುತ್ತಾನೆ. ಸಮುದ್ರಕ್ಕೆ ಬಿದ್ದ ತುಂಡಿನ ಸುತ್ತ ಎದ್ದ ನೊರೆಯಲ್ಲಿ ಹುಟ್ಟಿದವಳು ಪ್ರೇಮದೇವತೆ ಅಫ್ರೊಡೈಟಿ. (ಮಕ್ಕಳ ಪುಟದಲ್ಲಿ 'ನೊರೆಯಿಂದ ಹುಟ್ಟಿದಳು' ಎಂದಷ್ಟೇ ಬರೆದು ಜಾರಿಕೊಂಡಿದ್ದೆವು. ನಿಮಗೆ ಗೊತ್ತಾಗಿರಬೇಕು.) ತನಗೂ ಇದೇ ಗತಿ ಎಂದು ಹೆದರಿದ ಕ್ರೋನಸ್ ತನ್ನ ಐದು ಮಕ್ಕಳನ್ನು ನುಂಗುತ್ತಾನೆ. ಆರನೆಯವನು ಜ್ಯೂಸ್, ಮುಂದೆ ದೇವರ ರಾಜನಾದವನು. ತಾಯಿ ರಿಯಾ ಅವನನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟು, ಬಟ್ಟೆ ಸುತ್ತಿದ ಕಲ್ಲೊಂದನ್ನು ಗಂಡನಿಗೆ ಕೊಡುತ್ತಾಳೆ. ಅವನು ನೋಡದೇ ನುಂಗುತ್ತಾನೆ. ಮುಂದೆ ಕಕ್ಕುವಾಗ ಮೊದಲು ಹೊರಬಂದದ್ದು ಆ ಕಲ್ಲೇ.

ಕ್ರಿಸ್ತಶಕ 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸಾನಿಯಸ್ ಡೆಲ್ಫಿ ಎಂಬ ಪುಣ್ಯಕ್ಷೇತ್ರದಲ್ಲಿ ಆ ಕಲ್ಲನ್ನು ನೋಡಿದ. ಅಂಥ ದೊಡ್ಡದೇನಲ್ಲ. ದಿನಾ ಅದಕ್ಕೆ ಎಣ್ಣೆ ಹೊಯ್ಯುತ್ತಿದ್ದರು, ಹಬ್ಬಕ್ಕೆ ನೂಲದ ಉಣ್ಣೆ ಹೊದಿಸುತ್ತಿದ್ದರು. ಗಮನಿಸಿ, ಪೂಜೆ ಕಲ್ಲಿಗೆ. ನುಂಗಿದವನಿಗೆ ಗುಡಿಗಳು ಕಡಿಮೆ. ಅಥೆನ್ಸ್‌ನಲ್ಲಿ ಅವನ ಹೆಸರಿನದೊಂದು ಹಬ್ಬವಿತ್ತು. ಆ ದಿನ ಒಡೆಯರೂ ಗುಲಾಮರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯಾಕೆಂದರೆ ಇದೇ ಹೆಸಿಯಡ್ ಇನ್ನೊಂದು ಹಾಡಿನಲ್ಲಿ, ದುಡಿಯದೇ ಉಣ್ಣುತ್ತಿದ್ದ ಚಿನ್ನದ ಕಾಲದ ಅರಸ ಕ್ರೋನಸ್ಸೇ ಎನ್ನುತ್ತಾನೆ!

ನಿಮಗೆ ಬಂದ ಸಿಟ್ಟು ಆ ಕಾಲದ ಗ್ರೀಕರಿಗೂ ಬಂದಿತ್ತು. ಕಳ್ಳತನ, ಹಾದರ, ಮೋಸ ಎಲ್ಲವನ್ನೂ ಕವಿಗಳು ದೇವರ ತಲೆಗೆ ಕಟ್ಟಿದರು ಎಂದು ಜೆನೊಫನೀಸ್ ಎಂಬ ಚಿಂತಕ ಬೈದಿದ್ದಾನೆ. ಪ್ಲೇಟೋ ಅಂತೂ ಈ ಅಪ್ಪ-ಮಗನ ಕತೆಯನ್ನೇ ಎತ್ತಿಕೊಂಡು, ನಿಜವಾದರೂ ಎಳೆಯರಿಗೆ ಹೇಳಬಾರದು ಎಂದ. ನಮ್ಮ ಮಕ್ಕಳ ಪುಟದ ಮೇಲೆ ಅವನ ಕಣ್ಣು ಬಿದ್ದಿಲ್ಲ, ಪುಣ್ಯ.

ಹಾಗಾದರೆ ಹೆಸಿಯಡ್ ಹೇಳಿದ್ದೇ ಒರಿಜಿನಲ್ಲಾ? ಅದೂ ಅಲ್ಲ. ಇಂದಿನ ಟರ್ಕಿಯ ಹತ್ತೂಸದಲ್ಲಿ ಹಿಟ್ಟೈಟ್ ಜನರ ಮಣ್ಣಿನ ಹಲಗೆಗಳು ಸಿಕ್ಕಿವೆ. ಅದರಲ್ಲಿ ಕುಮಾರ್ಬಿ ಎಂಬ ದೇವರು ಆಕಾಶದೇವರ ಗಂಡಸುತನವನ್ನು ಕಚ್ಚಿ ನುಂಗುತ್ತಾನೆ. ಹೊಟ್ಟೆಯಲ್ಲಿ ಬೆಳೆದ ಗುಡುಗಿನ ದೇವರು ಮುಂದೆ ಅವನಿಗೇ ಎದುರಾಗುತ್ತಾನೆ. ಹಿಟ್ಟೈಟರ ರಾಜ್ಯ ಬಿದ್ದದ್ದು ಹೆಸಿಯಡ್‌ಗಿಂತ ಸುಮಾರು 500 ವರ್ಷ ಮುಂಚೆ. ಕತೆ ಸಮುದ್ರ ದಾಟಿ ಬಂದಿದೆ ಅನ್ನುವುದು ಈಗ ಬಹಳ ಪಂಡಿತರು ಒಪ್ಪುವ ಮಾತು. ಅದಕ್ಕೇ ನಿಮ್ಮ ಮಗಳಿಗೆ ನನ್ನ ಸಲಹೆ: 'ಯಾವುದು ಒರಿಜಿನಲ್' ಎನ್ನುವುದರ ಬದಲು 'ಯಾರು, ಯಾವಾಗ ಹೇಳಿದ್ದು' ಎಂದು ಕೇಳಲಿ. ಗ್ರೀಕರ ಬಳಿ ಎಲ್ಲರೂ ಒಪ್ಪಿದ ಒಂದೇ ಗ್ರಂಥ ಇರಲಿಲ್ಲ.

ಮೆಡೂಸಾಳನ್ನೇ ಹಾಗೆ ಕೇಳಿ ನೋಡೋಣ. ಹೆಸಿಯಡ್ ಪ್ರಕಾರ ಅವಳು ಗೋರ್ಗನ್ ಎಂಬ ಮೂವರು ರಾಕ್ಷಸಿ ಅಕ್ಕತಂಗಿಯರಲ್ಲಿ ಒಬ್ಬಳು, ಸಾವಿದ್ದವಳು ಅವಳೊಬ್ಬಳೇ. ಶಾಪದ ಮಾತೇ ಇಲ್ಲ. ಅಥೀನಾಳ ಗುಡಿಯಲ್ಲಿ ಸಮುದ್ರದೇವರು ಅವಳನ್ನು ಕೆಡಿಸಿದ, ದೇವಿ ಅವಳ ಕೂದಲನ್ನೇ ಹಾವು ಮಾಡಿದಳು ಎಂಬುದು ರೋಮಿನ ಕವಿ ಓವಿಡ್ ಹೇಳಿದ್ದು, ಸುಮಾರು 700 ವರ್ಷದ ನಂತರ. ಮಗಳು ತಂದ ಎರಡು ಪುಸ್ತಕಗಳ ನಡುವೆ ಇರುವ ದೂರ ಅಷ್ಟು.

ಕೊರ್ಫು ದ್ವೀಪದ ಮ್ಯೂಸಿಯಂನಲ್ಲಿ ಹಳೇ ಮೆಡೂಸಾ ಇದ್ದಾಳೆ. ಕ್ರಿಸ್ತಪೂರ್ವ 580ರ ಸುಮಾರಿನ ಆರ್ಟೆಮಿಸ್ ಗುಡಿಯ ಮುಂಭಾಗದ ಕೆತ್ತನೆ, ಎತ್ತರ ಹೆಚ್ಚುಕಡಿಮೆ 3 ಮೀಟರ್. ಉಬ್ಬಿದ ಕಣ್ಣು, ಚಾಚಿದ ನಾಲಗೆ, ಸೊಂಟಕ್ಕೆ ಪಟ್ಟಿಯಂತೆ ಗಂಟುಬಿದ್ದ ಎರಡು ಹಾವು. ಚೆಲುವಿನ ಸುಳಿವೂ ಇಲ್ಲ. ಅಕ್ಕಪಕ್ಕದಲ್ಲಿ ಅವಳ ಮಕ್ಕಳಾದ ರೆಕ್ಕೆಗುದುರೆ ಪೆಗಾಸಸ್ ಮತ್ತು ಕ್ರಿಸಾವೋರ್. ಕತೆಯಲ್ಲಿ ಅವರು ಹುಟ್ಟುವುದು ಅವಳ ತಲೆ ಕಡಿದ ಮೇಲೆ. ಇಲ್ಲಿ ತಲೆ ಇನ್ನೂ ಗಟ್ಟಿಯಾಗಿದೆ! ಶಿಲ್ಪಿಗೆ ಎಲ್ಲವೂ ಒಟ್ಟಿಗೇ ಬೇಕಿತ್ತು, ಇಟ್ಟ.

ಕೊನೆಯ ಪ್ರಶ್ನೆ. ಹೆಸಿಯಡ್‌ನ ದೇವರ ವಂಶಾವಳಿಯಲ್ಲಿ ಮನುಷ್ಯ ಹುಟ್ಟಿದ ಪ್ರಸಂಗವೇ ಇಲ್ಲ. ದೇವರೂ ಮನುಷ್ಯರೂ ಕೂಡಿದ ಔತಣದಲ್ಲಿ ಮಾಂಸ ಹಂಚುವ ಹೊತ್ತಿಗೆ ಗಂಡಸರು ಆಗಲೇ ಇದ್ದಾರೆ, ಹೆಂಗಸು ಆಮೇಲೆ ಬರುತ್ತಾಳೆ. ಪ್ರೊಮೀಥಿಯಸ್ ಎಂಬ ಹಳೇ ಪೀಳಿಗೆಯ ದೇವರು ಜೇಡಿಮಣ್ಣಿನಿಂದ ಮನುಷ್ಯನನ್ನು ಮಾಡಿದ ಎಂಬುದು ಬೇರೆಯವರು ಹೇಳಿದ್ದು. ಅದೇ ಪೌಸಾನಿಯಸ್ ಪನೊಪಿಯಸ್ ಎಂಬ ಊರಿಗೆ ಹೋದಾಗ ಹಳ್ಳದ ಬಳಿಯ ಎರಡು ಕಲ್ಲುಗಳ ಬಗ್ಗೆ ಬರೆದ. ಒಂದೊಂದೂ ಒಂದು ಗಾಡಿ ತುಂಬುವಷ್ಟು ದೊಡ್ಡದು, ಬಣ್ಣ ಜೇಡಿಮಣ್ಣಿನದು. ಮನುಷ್ಯರನ್ನು ಮಾಡಿ ಮಿಕ್ಕಿದ ಮಣ್ಣು ಇದೇ ಎಂದು ಜನ ಹೇಳುತ್ತಿದ್ದರು. ಅದರಿಂದ ಮನುಷ್ಯರ ಮೈಯ ವಾಸನೆ ಬರುತ್ತದೆ ಎಂದೂ ಬರೆದಿದ್ದಾನೆ. ಬಗ್ಗಿ ಮೂಸಿ ನೋಡಿರಬೇಕು, ಪುಣ್ಯಾತ್ಮ.

ಗುಡಾಣದ ತಿದ್ದುಪಡಿ ಮುಂದಿನ ಮಕ್ಕಳ ಪುಟದಲ್ಲಿ ಬರುತ್ತದೆ, ಚಿತ್ರದ ಸಮೇತ.

— ಸಂಪಾದಕ